ಎದುರಾಳಿಯ ಆಪತ್ತು: ಸ್ಪಾರ್ಟದ ಭೂಕಂಪವನ್ನು ಕುರಿತ ಮೂರು ಬರೆಹಗಳು

ನಮ್ಮ ಆಲಂಕಾರಿಕರು ಭಾವಗಳನ್ನು ಬಿಡಿಬಿಡಿಯಾಗಿ ವಿವೇಚಿಸಿದಂತೆಯೇ ಅವುಗಳ ಬೆರಕೆಯನ್ನೂ ವಿವೇಚಿಸಿರುವರು. ಎರಡು ಭಾವಗಳು ಸಮಬಲವಾಗಿ ಒಂದೇ ಎಡೆಯಲ್ಲಿ ಕೂಡಿದರೆ ಅದು ಭಾವಸಂಧಿ. ಹಲವು ಭಾವಗಳು ಒಂದನ್ನೊಂದು ಒತ್ತರಿಸಿಕೊಂಡು ಬಂದರೆ ಅದು ಭಾವಶಬಲತೆ. ಪ್ರಣಯ ವಿರಹಗಳ ಪ್ರಸಂಗಗಳಲ್ಲಿ ಇವಕ್ಕೆ ಉದಾಹರಣೆಗಳು ಬೇಕಾದಷ್ಟು ದೊರೆಯುತ್ತವೆ. ಆದರೆ ರಾಜಕೀಯದಲ್ಲಿ ನಮಗೆ ಎದುರಾಗಿ ನಿಂತ ಜನರ ಮೇಲೆ ಭೂಕಂಪವೋ ಪ್ರವಾಹವೋ ಬಂದೆರಗಿದಾಗ ನಮ್ಮೊಳಗೆ ಏಳುವ ಬೆರಕೆಯ ಭಾವವನ್ನು ಸಾಹಿತ್ಯವು ಬಹಳವಾಗಿ ಮುಟ್ಟಿದಂತೆ ಕಾಣುವುದಿಲ್ಲ. ಇದಕ್ಕೆ ಕಾರಣವುಂಟು. ಅಲ್ಲಿ ಕರುಣೆಯೊಡನೆ ಕೂಡುವುದು ಬಾಯಿಬಿಟ್ಟು ಹೇಳಲು ನಾಚಿಕೆಯಾಗುವ ಭಾವ: ಅವರಿಗೆ ತಕ್ಕದ್ದೇ ಆಯಿತೆಂಬ ಒಳಗಿನ ತೃಪ್ತಿ. ಈ ನಾಚಿಕೆಯ ತೆರೆಯನ್ನು ಸರಿಸಿ ನೋಡುವುದಕ್ಕೆ ಪ್ರಾಚೀನ ಗ್ರೀಸ್ ದೇಶದ ಒಂದು ಘಟನೆಯೂ ಅದನ್ನು ಬರೆದಿಟ್ಟ ಮೂವರು ಗ್ರಂಥಕರ್ತರೂ ನಮಗೆ ನೆರವಾಗುತ್ತಾರೆ.

ಕ್ರಿ. ಪೂ. 464ರ ಸುಮಾರಿನಲ್ಲಿ ಸ್ಪಾರ್ಟ ನಗರದಲ್ಲಿ ಘೋರವಾದ ಭೂಕಂಪವಾಯಿತು. ಊರಿನಲ್ಲಿ ಐದೇ ಮನೆಗಳು ಉಳಿದವೆಂದೂ, ವ್ಯಾಯಾಮಶಾಲೆ ಕುಸಿದು ಒಳಗಿದ್ದ ತರುಣರು ಮಡಿದರೆಂದೂ ಪ್ಲೂಟಾರ್ಕನು ಬರೆಯುತ್ತಾನೆ. ಸತ್ತವರು 20,000ಕ್ಕೂ ಹೆಚ್ಚೆಂದು ಡಿಯೊಡೋರಸನು ಹೇಳುವುದು ಅತಿಶಯೋಕ್ತಿಯಿರಬಹುದು; ನಗರದ ನಡು ಮುರಿದದ್ದು ಮಾತ್ರ ನಿಜ. ಆ ಗಳಿಗೆಯಲ್ಲಿಯೇ ಹೆಲಟರು ದಂಗೆಯೆದ್ದರು. ಹೆಲಟರೆಂದರೆ ಸ್ಪಾರ್ಟದವರ ಹೊಲಗಳನ್ನು ಉತ್ತು, ಬೆಳೆದುದರಲ್ಲಿ ಒಡೆಯರಿಗೆ ತೆತ್ತು, ತಲೆಮಾರುಗಳಿಂದ ದಾಸ್ಯದಲ್ಲಿ ಬಾಳುತ್ತಿದ್ದ ಜನ. ದಂಗೆಯೆದ್ದವರಲ್ಲಿ ಬಹುಮಂದಿ ಮೆಸ್ಸೀನಿಯದವರ ಸಂತತಿಯವರು. ಅವರು ಇಥೋಮೆ ಬೆಟ್ಟವನ್ನು ಹಿಡಿದು ನಿಂತರು. ಸ್ಪಾರ್ಟವು ಮಿತ್ರರಾಜ್ಯಗಳಿಗೆ ಮೊರೆಯಿಟ್ಟಿತು. ಅವುಗಳಲ್ಲಿ ಅಥೆನ್ಸೂ ಒಂದು. ಪಾರಸಿಕರಿಗೆ ಎದುರಾಗಿ ಮಾಡಿಕೊಂಡ ಹಳೆಯ ಒಪ್ಪಂದವು ಹೆಸರಿಗೆ ಇದ್ದಿತು; ಆದರೆ ಪ್ರಜೆಗಳ ಆಳ್ವಿಕೆಯ ಅಥೆನ್ಸಿಗೂ ಕೆಲವರ ಆಳ್ವಿಕೆಯ ಸ್ಪಾರ್ಟಕ್ಕೂ ನಡುವೆ ಮತ್ಸರವು ಬೆಳೆಯುತ್ತಲೇ ಇದ್ದಿತು.

ಅಥೆನ್ಸಿನಲ್ಲಿ ಆಗ ನಡೆದ ವಾದವನ್ನು ಪ್ಲೂಟಾರ್ಕನು ಕಿಮೋನನ ಚರಿತ್ರೆಯಲ್ಲಿ ಕಾಪಾಡಿ ಕೊಟ್ಟಿದ್ದಾನೆ. ಪ್ರಜಾಪಕ್ಷದ ಎಫಿಯಾಲ್ಟೀಸನು ನೆರವು ಕೂಡದೆಂದನು: ಸ್ಪರ್ಧಿಯಾದ ನಗರವನ್ನು ನಾವೇ ಎತ್ತಿ ನಿಲ್ಲಿಸುವುದೇಕೆ, ಅದರ ಗರ್ವವು ಬಿದ್ದಲ್ಲಿಯೇ ಬಿದ್ದು ಕಾಲ್ತುಳಿತಕ್ಕೆ ಸಿಕ್ಕಲಿ ಎಂಬುದು ಅವನ ವಾದ. ಕಿಮೋನನು ತನ್ನ ಮಗನಿಗೆ ಲ್ಯಾಸಿಡೀಮೋನಿಯಸ್ ಎಂದು ಹೆಸರಿಟ್ಟಿದ್ದ ಸ್ಪಾರ್ಟಾಭಿಮಾನಿ. ಗ್ರೀಸ್ ದೇಶವು ಕುಂಟಾಗಬಾರದು, ನಮ್ಮ ನಗರವು ನೊಗದ ಜೊತೆಯೆತ್ತನ್ನು ಕಳೆದುಕೊಳ್ಳಬಾರದು ಎಂದು ಅವನು ಬೇಡಿಕೊಂಡನು. ಕಿಮೋನನ ಮಾತೇ ಗೆದ್ದಿತು. ಚಿತ್ರವು ಸೊಗಸಾಗಿದೆ, ಆದರೆ ಇಲ್ಲಿ ಪ್ಲೂಟಾರ್ಕನದು ಒಂದು ಸುಲಭೋಪಾಯ. ಒಂದೇ ಹೃದಯದ ಎರಡು ಅರೆಗಳನ್ನು ಅವನು ಇಬ್ಬರು ಮನುಷ್ಯರಿಗೆ ಹಂಚಿಬಿಟ್ಟಿದ್ದಾನೆ. ದ್ವೇಷವೆಲ್ಲ ಒಬ್ಬನಿಗೆ, ಔದಾರ್ಯವೆಲ್ಲ ಮತ್ತೊಬ್ಬನಿಗೆ. ಸಭೆಯಲ್ಲಿ ಕೈಯೆತ್ತಿದ ಸಾಮಾನ್ಯ ಪೌರನಲ್ಲಿ ಎರಡೂ ಇದ್ದಿರಬೇಕೆಂಬುದನ್ನು ಅವನು ಮರೆಯುತ್ತಾನೆ.

ಆ ಪೌರರ ಮನಸ್ಸು ಎಂತಹುದೆಂಬುದಕ್ಕೆ ಬೇರೊಂದು ಸಾಕ್ಷಿಯಿದೆ. ಕ್ರಿ. ಪೂ. 472ರಲ್ಲಿ ಈಸ್ಕಿಲಸನ ‘ಪಾರಸಿಕರು’ ನಾಟಕವನ್ನು ನೋಡಿದವರು ಅವರೇ. ಈ ನಾಟಕವನ್ನು ಶ್ರೀ ಬಿ. ಎಂ. ಶ್ರೀಕಂಠಯ್ಯನವರು 1935ರಲ್ಲಿ ಕನ್ನಡಕ್ಕೆ ತಂದಿರುವುದು ವಾಚಕರಿಗೆ ತಿಳಿದ ವಿಷಯ. ಸೋತ ವೈರಿಯ ತಾಯಿಯ ಅಳಲನ್ನು ಗೆದ್ದವರ ಎದುರಿನಲ್ಲಿ ಆಡಿ ತೋರಿಸಿದ ಧೈರ್ಯ ಆ ಕವಿಯದು. ಆದರೆ ಪಾರಸಿಕರು ದೂರದವರು, ಸೋತು ಹಿಂದಿರುಗಿದವರು. ಗೆದ್ದವನ ಕರುಣೆಗೆ ಖರ್ಚು ಕಡಮೆ. ಸ್ಪಾರ್ಟವಾದರೋ ನೆರೆಯದು, ಸೋಲದಿರುವುದು, ಇಂದು ಎತ್ತಿದರೆ ನಾಳೆ ನಮ್ಮ ಮೇಲೆಯೇ ಬರಬಹುದಾದುದು. ಇಂತಹವರ ಮೇಲಿನ ಕರುಣೆಯೇ ಕಠಿನವಾದ ಪರೀಕ್ಷೆ.

ಎರಡನೆಯ ಗ್ರಂಥಕರ್ತನು ಥೂಸಿಡೈಡೀಸ್. ಅವನಲ್ಲಿ ವಾದವೂ ಇಲ್ಲ, ಉಪಮೆಯೂ ಇಲ್ಲ. ಕೋಟೆ ಮುತ್ತುವುದರಲ್ಲಿ ನಿಪುಣರೆಂದು ಅಥೆನ್ಸಿನವರನ್ನು ಕರೆದರು, ಇಥೋಮೆ ಬೀಳಲಿಲ್ಲ, ಅಷ್ಟರಲ್ಲಿ ಸ್ಪಾರ್ಟದವರಿಗೆ ಸಂಶಯ ಹುಟ್ಟಿತು. ಈ ಜನ ಸಾಹಸಿಗಳು, ಹೊಸತನ್ನು ಹುಡುಕುವವರು, ಬೇರೆ ಕುಲದವರು. ಇಲ್ಲಿಯೇ ನಿಂತರೆ ಬೆಟ್ಟದ ಮೇಲಿನವರ ಮಾತಿಗೆ ಒಲಿದಾರೆಂದು ಹೆದರಿದರು. ಹೆದರಿಕೆಯನ್ನು ಬಾಯಿಬಿಡದೆ, ಇನ್ನು ನಿಮ್ಮ ಅಗತ್ಯವಿಲ್ಲವೆಂದಷ್ಟೇ ಹೇಳಿ, ಮಿತ್ರರಲ್ಲಿ ಅಥೆನ್ಸಿನವರನ್ನು ಮಾತ್ರ ಹಿಂದಕ್ಕೆ ಕಳುಹಿಸಿದರು. ಅಪಮಾನಗೊಂಡ ಅಥೆನ್ಸಿನವರು ಹಳೆಯ ಒಪ್ಪಂದವನ್ನು ಮುರಿದು, ಸ್ಪಾರ್ಟದ ವೈರಿಯಾದ ಆರ್ಗಾಸಿನೊಡನೆ ಸೇರಿದರು. ಕ್ರಿ. ಪೂ. 461ರಲ್ಲಿ ಕಿಮೋನನು ಬಹಿಷ್ಕೃತನಾದನು. ಇಲ್ಲಿ ಥೂಸಿಡೈಡೀಸನು ತೋರುವ ಸತ್ಯವು ಹಿರಿದು: ಬೆರಕೆಯ ಭಾವವು ಕೊಡುವವನಲ್ಲಿರುವಂತೆ ಕೊಳ್ಳುವವನಲ್ಲಿಯೂ ಇರುತ್ತದೆ. ಆಪತ್ತಿನಲ್ಲಿ ಎದುರಾಳಿಯ ಕೈಯನ್ನು ಹಿಡಿಯಬೇಕಾದವನ ಸಂಕಟವು ಕೃತಜ್ಞತೆಗಿಂತ ಬೇಗ ಬಾಯಾರಿಸುತ್ತದೆ.

ಮೂರನೆಯವನು ಅರಿಸ್ಟೋಫನೀಸ್. ಭೂಕಂಪವಾಗಿ ಐವತ್ತು ವರ್ಷಗಳು ಕಳೆದ ಮೇಲೆ, ಎರಡು ನಗರಗಳೂ ಬಹುಕಾಲದ ಯುದ್ಧದಲ್ಲಿ ಬೇಯುತ್ತಿದ್ದಾಗ, ಕ್ರಿ. ಪೂ. 411ರಲ್ಲಿ ಅವನ ‘ಲೈಸಿಸ್ಟ್ರಾಟ’ ನಾಟಕವು ರಂಗಕ್ಕೆ ಬಂದಿತು. ಅದರ ನಾಯಕಿ ಎರಡು ಪಕ್ಷದವರನ್ನೂ ಎದುರಿಗೆ ನಿಲ್ಲಿಸಿಕೊಂಡು ಹಳೆಯ ಉಪಕಾರಗಳನ್ನು ನೆನಪಿಸುತ್ತಾಳೆ. ಪೆರಿಕ್ಲೀಡಾಸನೆಂಬ ಸ್ಪಾರ್ಟದವನು ಕೆಂಪು ಮೇಲುವಸ್ತ್ರವನ್ನು ಹೊದ್ದು, ಮುಖ ಬಿಳಿಚಿ, ಅಥೆನ್ಸಿನ ಬಲಿಪೀಠದಲ್ಲಿ ಶರಣಾರ್ಥಿಯಾಗಿ ಕುಳಿತದ್ದನ್ನೂ, ಕಿಮೋನನು 4,000 ಯೋಧರೊಡನೆ ಹೋಗಿ ಸ್ಪಾರ್ಟವನ್ನು ಉಳಿಸಿದ್ದನ್ನೂ ಹೇಳುತ್ತಾಳೆ. ಕೂಡಲೆ ಅಥೆನ್ಸಿನವರ ಕಡೆಗೆ ತಿರುಗಿ, ಹಿಪ್ಪಿಯಾಸನ ನಿರಂಕುಶ ಪ್ರಭುತ್ವದಿಂದ ನಿಮ್ಮನ್ನು ಬಿಡಿಸಿದವರು ಸ್ಪಾರ್ಟದವರಲ್ಲವೆ ಎಂದು ಕೇಳುತ್ತಾಳೆ. ಈ ಸಮದೃಷ್ಟಿ ಮೆಚ್ಚತಕ್ಕದ್ದು. ಆದರೆ ಯೋಧರನ್ನು ಹಿಂದಕ್ಕಟ್ಟಿದ ಅಪಮಾನವನ್ನು ಅವಳು ಎತ್ತುವುದೇ ಇಲ್ಲ. ಸಂಧಿಗಾಗಿ ನೆನಪನ್ನು ಕತ್ತರಿಸಿಕೊಂಡಿದ್ದಾಳೆ. ಕವಿಗೆ ಇದು ತಿಳಿಯದೆ ಇಲ್ಲ; ಕೇಳುತ್ತಿರುವ ಗಂಡಸರ ಕಣ್ಣು ಸಂಧಿದೇವಿಯ ರೂಪದ ಮೇಲೆಯೇ ನೆಟ್ಟಿರುವುದೆಂದು ಅವನು ನಗುತ್ತಾನೆ. ಉಪಕಾರಸ್ಮರಣೆಯಿಂದ ವೈರವು ಕರಗುವುದೆಂಬ ಭ್ರಮೆ ಆ ನಗೆಯಲ್ಲಿಲ್ಲ.

ಇಷ್ಟೆಲ್ಲದರ ನಡುವೆ ಒಂದು ಪ್ರಶ್ನೆ ಉಳಿಯುತ್ತದೆ. ಆ 4,000 ಜನ ಹೋದದ್ದು ಮಣ್ಣಿನಡಿಯಲ್ಲಿ ಸಿಕ್ಕವರನ್ನು ಎತ್ತುವುದಕ್ಕಲ್ಲ. ದಾಸ್ಯದಿಂದ ಬಿಡುಗಡೆ ಬಯಸಿದವರನ್ನು ಅಡಗಿಸುವುದಕ್ಕೆ. ಕಿಮೋನನ ನೊಗದ ಉಪಮೆಯಲ್ಲಿ ಎರಡು ಎತ್ತುಗಳಿಗೆ ಮಾತ್ರ ಎಡೆಯುಂಟು. ನೆಲವನ್ನು ನಿಜವಾಗಿ ಉತ್ತ ಹೆಲಟನಿಗಿಲ್ಲ. ಪ್ಲೂಟಾರ್ಕನಿಗೂ ಅರಿಸ್ಟೋಫನೀಸನಿಗೂ ಅವನು ಆಪತ್ತಿನ ಒಂದು ಭಾಗ ಮಾತ್ರ. ಥೂಸಿಡೈಡೀಸನು ಮಾತ್ರ ಎರಡು ಸಂಗತಿಗಳನ್ನು ಬಿಡದೆ ಬರೆದಿದ್ದಾನೆ. ಮೊದಲನೆಯದು: ಟೀನರಸಿನ ಪೊಸೈಡನ್ ದೇವಾಲಯದಲ್ಲಿ ಶರಣುಹೊಕ್ಕ ಹೆಲಟರನ್ನು ಎಬ್ಬಿಸಿ ಕರೆದೊಯ್ದು ಕೊಂದ ಪಾಪದಿಂದಲೇ ಈ ಭೂಕಂಪವಾಯಿತೆಂದು ಸ್ಪಾರ್ಟದವರೇ ನಂಬಿದ್ದರು. ಎರಡನೆಯದು: ಕೊನೆಗೆ ಮಡದಿಮಕ್ಕಳೊಡನೆ ದೇಶಬಿಟ್ಟು ಹೊರಟ ಆ ಜನರನ್ನು ನೌಪ್ಯಾಕ್ಟಸಿನಲ್ಲಿ ನೆಲೆಗೊಳಿಸಿದವರು ಅಥೆನ್ಸಿನವರು, ಅದೂ ಕರುಣೆಯಿಂದಲ್ಲ, ಸ್ಪಾರ್ಟದ ಮೇಲಣ ಹಗೆಯಿಂದ. ಶರಣಾರ್ಥಿಯನ್ನು ಕೊಂದವರೇ ಶರಣಾರ್ಥಿಗಳಾಗಿ ಬಂದರು. ಔದಾರ್ಯವು ಬಂಡೆದ್ದವರನ್ನು ಮುತ್ತಿತು, ದ್ವೇಷವು ಅವರಿಗೆ ಮನೆ ಕೊಟ್ಟಿತು. ಮಾನವ ಭಾವಗಳ ಶಬಲತೆಗೆ ಇದಕ್ಕಿಂತ ನಿಷ್ಠುರವಾದ ನಿದರ್ಶನ ದೊರೆಯುವುದು ಕಷ್ಟ.

ಆದಕಾರಣ, ಮೂವರಲ್ಲಿ ಕರುಣೆಯ ಮಾತನ್ನು ಒಂದೂ ಆಡದ ಥೂಸಿಡೈಡೀಸನೇ ಈ ವಿಷಯಕ್ಕೆ ಹೆಚ್ಚು ನ್ಯಾಯ ಸಲ್ಲಿಸಿರುವನೆಂದು ನಮ್ಮ ಅಭಿಪ್ರಾಯ. ಪ್ಲೂಟಾರ್ಕನು ಭಾವಗಳನ್ನು ಹಂಚಿದನು. ಅರಿಸ್ಟೋಫನೀಸನು ಬೇಡವಾದುದನ್ನು ಕಳೆದನು. ಇವನು ಇದ್ದುದನ್ನು ಇದ್ದಂತೆ ಇಟ್ಟನು. ಎದುರಾಳಿಯ ಆಪತ್ತಿನಲ್ಲಿ ನಮ್ಮ ಮನಸ್ಸು ಬೆರಕೆಯಾಗುವುದು ದೋಷವಲ್ಲ, ಅದು ಮನಸ್ಸಿನ ಸ್ವಭಾವ. ಮನಸ್ಸು ಶುದ್ಧವಾಗುವವರೆಗೆ ಕೈ ಕಾಯಬೇಕಾಗಿಯೂ ಇಲ್ಲ. ಬೆರಕೆಯನ್ನು ಮುಚ್ಚಿ, ಕರುಣೆಯೊಂದೇ ಇದೆಯೆಂದು ನಟಿಸುವುದೇ ದೋಷ. ಹಾಗೆ ನಟಿಸಿದವನು, ತಾನು ಎತ್ತುತ್ತಿರುವ ಮನೆ ಯಾರದು, ಅದರ ನೆರಳಿನಲ್ಲಿ ನಿಂತಿರುವವರು ಯಾರು ಎಂದು ಕೇಳುವುದನ್ನೇ ಮರೆತುಬಿಡುತ್ತಾನೆ.