ಅವರೇಜ್ ಎಷ್ಟು ಕೊಡ್ತದ್ರಿ?

ಬೋರ್‌ವೆಲ್‌ನಿಂದ ಕೆಟ್ಟ ಮೋಟಾರ್ ಮೇಲೆತ್ತುವುದು ಅವಸರಕ್ಕೆ ಆಗುವ ಕೆಲಸವಲ್ಲ. ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು ನಿಲ್ಲಿಸಬೇಕು, ಚೈನ್ ಪುಲ್ಲಿ ಕಟ್ಟಬೇಕು, ಹತ್ತು ಅಡಿಯ ಪೈಪುಗಳನ್ನು ಒಂದೊಂದಾಗಿ ಬಿಚ್ಚಿ ಬದುವಿನ ಮೇಲೆ ಸಾಲಾಗಿ ಇಡಬೇಕು, ಜೊತೆಗೇ ಕೇಬಲ್ ಸುತ್ತುತ್ತ ಬರಬೇಕು. ಕ್ಲ್ಯಾಂಪ್ ಹಿಡಿದವನ ಕೈ ಒಮ್ಮೆ ಸಡಿಲಿದರೆ ಮೋಟಾರ್ ಪಾತಾಳದ ಪಾಲು. ಮಹಾರಾಷ್ಟ್ರ–ಕರ್ನಾಟಕ ಗಡಿಯ ಉಮರ್ಗಾ, ನಿಲಂಗಾ, ಉದಗೀರ್ ಸೀಮೆಯಲ್ಲಿ ಮಾರ್ಚ್‌ನಿಂದ ಜೂನ್‌ವರೆಗೆ ಮೋಟಾರ್ ಮೆಕ್ಯಾನಿಕ್‌ನ ಫೋನು ಸುಮ್ಮನಿರುವುದಿಲ್ಲ. 2016ರ ಏಪ್ರಿಲ್‌ನಲ್ಲಿ ಮೀರಜ್‌ನಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ತರಿಸಿದ ನಾಡು ಇದು. ಇಲ್ಲಿ ಬೋರ್‌ನ ಮೋಟಾರ್ ಎರಡು ದಿನ ನಿಂತಿತೆಂದರೆ ಹೊಲವೂ ನಿಲ್ಲುತ್ತದೆ, ಮನೆಯೂ ನಿಲ್ಲುತ್ತದೆ.

ಆ ಮೆಕ್ಯಾನಿಕ್ ಬಂದಿಳಿಯುವ ಗಾಡಿಯೇ ಈ ವಾರದ ವಿಷಯ.

ಗಡಿಯ ಕನ್ನಡದಲ್ಲಿ ಮೈಲೇಜ್ ಎಂಬ ಮಾತು ಕೇಳುವುದು ಕಡಿಮೆ. ಮರಾಠಿಯಲ್ಲಿ ಇರುವಂತೆ ಇಲ್ಲಿಯೂ ಅದು 'ಅವರೇಜ್'. ಹೊಸ ಗಾಡಿ ಚಹಾದಂಗಡಿ ಮುಂದೆ ನಿಂತರೆ ಮೊದಲು ಬರುವ ಪ್ರಶ್ನೆಯೇ ಅದು. "ಅಣ್ಣಾ, ಅವರೇಜ್ ಎಷ್ಟು ಕೊಡ್ತದ್ರಿ?" ಬಹಳ ವರ್ಷ ಗಾಡಿ ಓಡಿಸಿದವರು ಇದಕ್ಕೆ ಒಂದೇ ಸಂಖ್ಯೆ ಹೇಳುವುದಿಲ್ಲ. "ಲೋಡಿನ ಮ್ಯಾಲ ಅದ ನೋಡು ತಮ್ಮಾ. ಖಾಲಿ ಇದ್ರ ಒಂದು, ಭರ್ತಿ ಇದ್ರ ಒಂದು" ಎನ್ನುತ್ತಾರೆ. ಗಾಡಿ ಕೊಳ್ಳುವವನು ಮೊದಲು ಕಿವಿಗೊಡಬೇಕಾದದ್ದು ಈ ಮಾತಿಗೆ. ಕಂಪನಿಯ ಕಾಗದದ ಮೇಲಿನ ಅಂಕಿಗೆ ಆಮೇಲೆ ಬಂದರಾಯಿತು.

ನಿಲಂಗಾ ಮತ್ತು ಉದಗೀರಿನ ನಡುವೆ ದೇವಣಿ ಎಂಬ ಊರಿದೆ. ದೇವಣಿ ತಳಿಯ ದನಗಳಿಗೆ ಹೆಸರು ಕೊಟ್ಟ ಊರು. ಹಾಲಿಗೂ ಸೈ, ಹೊಲದ ದುಡಿಮೆಗೂ ಸೈ ಎಂಬುದು ಆ ತಳಿಯ ಹೆಗ್ಗಳಿಕೆ. ಎತ್ತು ಕೊಳ್ಳಲು ಹೋದ ಹಿರಿಯರು ಹಲ್ಲು ನೋಡುತ್ತಿದ್ದರು, ಗೊರಸು ನೋಡುತ್ತಿದ್ದರು, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದರು. ಅದಕ್ಕೂ ಮೊದಲು ತಮ್ಮ ಹೊಲ ಎಂಥದ್ದು, ಮೇವು ಎಷ್ಟಿದೆ ಎಂಬ ಲೆಕ್ಕ ಮನೆಯಲ್ಲೇ ಮುಗಿದಿರುತ್ತಿತ್ತು. ಗಾಡಿ ಕೊಳ್ಳುವುದಕ್ಕೂ ಆ ಮನೆಯ ಲೆಕ್ಕವೇ ಮೊದಲು ಬೇಕು.

ಮೆಕ್ಯಾನಿಕ್‌ನ ನಿತ್ಯದ ಹೊರೆ ಎಷ್ಟು? ಸ್ಟ್ಯಾಂಡು, ಪುಲ್ಲಿ, ಪೈಪ್ ಪಾನಾ, ಕೇಬಲ್ ಸುರುಳಿ, ಒಂದೆರಡು ಮೋಟಾರು, ಜೊತೆಗೆ ಇಬ್ಬರು ಹುಡುಗರು. ಎಲ್ಲ ಸೇರಿದರೂ ಅರ್ಧ ಟನ್ನಿಗಿಂತ ಬಹಳ ಕೆಳಗೇ ನಿಲ್ಲುತ್ತದೆ. ಹಾಗಿದ್ದೂ ಅನೇಕರು ಬೊಲೆರೊ ಪಿಕಪ್‌ನ ಕಡೆ ಕೈ ಚಾಚುತ್ತಾರೆ. ಎರಡೂವರೆ ಲೀಟರಿನ ಎಂಜಿನ್, ಒಂದೂವರೆ ಟನ್ ಮೀರಿದ ಸ್ವಂತ ತೂಕ. ಈರುಳ್ಳಿ ಮೂಟೆಗೆ, ಸಿಮೆಂಟಿಗೆ ಅದು ಒಳ್ಳೆಯ ಗಾಡಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ವರ್ಷದಲ್ಲಿ ಇಪ್ಪತ್ತು ದಿನ ಬರುವ ದೊಡ್ಡ ಲೋಡಿಗಾಗಿ ಉಳಿದೆಲ್ಲ ದಿನ ಆ ಕಬ್ಬಿಣವನ್ನು ಹೊತ್ತು ತಿರುಗುವುದು ನಷ್ಟದ ಬಾಬತ್ತು. ಆ ಇಪ್ಪತ್ತು ದಿನಕ್ಕೆ ಬಾಡಿಗೆ ಗಾಡಿ ಸಿಗುತ್ತದೆ.

ಇಲ್ಲೊಂದು ಲೆಕ್ಕವನ್ನು ಸ್ವಲ್ಪ ನಿಂತು ನೋಡಬೇಕು. ದಿನಕ್ಕೆ 60 ಕಿಲೋಮೀಟರ್, ವರ್ಷಕ್ಕೆ 300 ದಿನ, ಒಟ್ಟು 18,000 ಕಿಲೋಮೀಟರ್ ಎಂದುಕೊಳ್ಳಿ. ಲೀಟರಿಗೆ 10 ಕಿಲೋಮೀಟರ್ ಕೊಡುವ ಗಾಡಿ ವರ್ಷಕ್ಕೆ 1,800 ಲೀಟರ್ ಕುಡಿಯುತ್ತದೆ. 12 ಕೊಡುವ ಗಾಡಿಗೆ 1,500 ಸಾಕು. ಬರೀ ಎರಡು ಕಿಲೋಮೀಟರ್ ಹೆಚ್ಚಿದ್ದಕ್ಕೆ 300 ಲೀಟರ್ ಉಳಿತಾಯ. ಈಗ 20 ಕೊಡುವ ಗಾಡಿ ಬಿಟ್ಟು 24 ಕೊಡುವುದನ್ನು ತಂದರೆ 900 ಲೀಟರ್ ಹೋಗಿ 750 ಆಗುತ್ತದೆ, ಉಳಿಯುವುದು 150 ಮಾತ್ರ. ಅವರೇಜ್ ನಾಲ್ಕು ಹೆಚ್ಚಿದರೂ ಉಳಿತಾಯ ಅರ್ಧ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಲ್ಯಾರಿಕ್ ಮತ್ತು ಜಾಕ್ ಸಾಲ್ 2008ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಜನರ ಈ ತಪ್ಪು ಎಣಿಕೆಯನ್ನೇ ತೋರಿಸಿಕೊಟ್ಟರು. ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ಕೇಳುವುದಕ್ಕಿಂತ ತನ್ನ ಒಂದು ಸುತ್ತಿಗೆ ಎಷ್ಟು ಲೀಟರ್ ಎಂದು ಕೇಳಿದರೆ ಗಾಡಿಯ ನಿಜ ಹೊರಬೀಳುತ್ತದೆ. ದೊಡ್ಡ ಗಾಡಿಯಿಂದ ಮಧ್ಯಮಕ್ಕೆ ಇಳಿಯುವುದರಲ್ಲಿ ಸಿಗುವ ಲಾಭ, ಸಣ್ಣ ಗಾಡಿಗಳಲ್ಲಿ ಯಾವುದು ಒಂದು ಕೂದಲು ಮೇಲು ಎಂದು ಹುಡುಕುವುದರಲ್ಲಿ ಸಿಗುವುದಿಲ್ಲ.

2005ರ ಮೇ ತಿಂಗಳಲ್ಲಿ ಟಾಟಾ ಏಸ್ ಬಂದದ್ದು ಈ ಲೆಕ್ಕಕ್ಕೆ ಸಿಕ್ಕ ಉತ್ತರದಂತೆ. ಗಿರೀಶ್ ವಾಘ್ ಅವರ ತಂಡ ರೂಪಿಸಿದ ಆ ಗಾಡಿಗೆ ಎರಡೇ ಸಿಲಿಂಡರಿನ 702 ಸಿಸಿ ಡೀಸೆಲ್ ಎಂಜಿನ್, 16 ಅಶ್ವಶಕ್ತಿ. ಮೂರು ಗಾಲಿಯ ಆಪೆ ಮತ್ತು ದೊಡ್ಡ ಟೆಂಪೋ ನಡುವೆ ಖಾಲಿ ಬಿದ್ದಿದ್ದ ಜಾಗಕ್ಕೆ ಅದು ಬಂದು ನಿಂತಿತು. ಜನ ಅದನ್ನು 'ಛೋಟಾ ಹಾಥಿ' ಎಂದು ಕರೆದರು. ಗಡಿ ಸೀಮೆಯಲ್ಲಿ ಇವತ್ತಿಗೂ ಯಾವ ಕಂಪನಿಯ ಸಣ್ಣ ಟ್ರಕ್ ಬಂದರೂ ಬಾಯಲ್ಲಿ ಅದೇ ಹೆಸರು.

ಈಗ ಆಯ್ಕೆ ಹೆಚ್ಚಾಗಿದೆ. 2025ರ ಜೂನ್‌ನಲ್ಲಿ ಬಂದ ಏಸ್ ಪ್ರೋ 750 ಕೆಜಿ ಹೊರುತ್ತದೆ. ಬಿಡುಗಡೆಯಾದಾಗ ಅದರ ಆರಂಭದ ಬೆಲೆ 3.99 ಲಕ್ಷ ರೂಪಾಯಿ. ಪೆಟ್ರೋಲ್, ಸಿಎನ್‌ಜಿ, ವಿದ್ಯುತ್ ಮೂರರಲ್ಲೂ ಸಿಗುತ್ತದೆ. ಮಾರುತಿಯ ಸೂಪರ್ ಕ್ಯಾರಿ ಪೆಟ್ರೋಲಿನದಾದರೆ 740 ಕೆಜಿ ಹೊರುತ್ತದೆ, ಸಿಎನ್‌ಜಿಯದಾದರೆ 625. ಸಿಲಿಂಡರಿನ ತೂಕ ಎಲ್ಲಿಗೆ ಹೋಯಿತೆಂಬುದು ಈ ಎರಡು ಸಂಖ್ಯೆಗಳಲ್ಲೇ ಇದೆ.

ತೆರೆದ ಗಾಡಿಯಲ್ಲಿ ಸಾಮಾನಿಗೆ ಮಳೆಯ ಭಯ, ರಾತ್ರಿ ಕಳ್ಳರ ಭಯ. ತಾಮ್ರದ ತಂತಿ ಇಟ್ಟುಕೊಳ್ಳುವ ವೈಂಡಿಂಗ್ ಕೆಲಸದವರು, ಎಲೆಕ್ಟ್ರಿಷಿಯನ್‌ಗಳು ಅದಕ್ಕೇ ಮುಚ್ಚಿದ ವ್ಯಾನು ಬಯಸುತ್ತಾರೆ. ಮೊದಲು ಅದಕ್ಕೆ ಮಾರುತಿ ಓಮ್ನಿ ಇತ್ತು: 796 ಸಿಸಿ ಎಂಜಿನ್, ಹಗುರ ಮೈ, ಜಾರುವ ಬಾಗಿಲು. 2019ರಲ್ಲಿ ಅದು ನಿಂತ ಮೇಲೆ ಆ ಜಾಗ ಈಕೋಗೆ ಬಂತು. 1197 ಸಿಸಿಯ ಹೊಸ ಎಂಜಿನ್ನಿನ ಈಕೋ ಕಾರಿಗೆ ಕಂಪನಿ ಹೇಳುವ ಅಂಕಿ ಪೆಟ್ರೋಲಿನ ಲೀಟರಿಗೆ 19.71, ಸಿಎನ್‌ಜಿಯ ಕಿಲೋಗೆ 26.78. ಇವೆರಡನ್ನು ಅಕ್ಕಪಕ್ಕ ಇಟ್ಟು ಹೋಲಿಸಿ ಮೋಸ ಹೋಗುವವರು ಬಹಳ. ಒಂದು ಲೀಟರಿನ ಲೆಕ್ಕ, ಇನ್ನೊಂದು ತೂಕದ ಲೆಕ್ಕ. ಎರಡನ್ನೂ ರೂಪಾಯಿಗೆ ಇಳಿಸಿ, ಒಂದು ಕಿಲೋಮೀಟರಿಗೆ ಎಷ್ಟು ಬಿತ್ತು ಎಂದು ನೋಡಿದರೆ ಮಾತ್ರ ಹೋಲಿಕೆ. ಸಿಎನ್‌ಜಿ ಪಂಪು ದಿನದ ದಾರಿಯಲ್ಲೇ ಇರಬೇಕು. ಗ್ಯಾಸ್ ತುಂಬಿಸಲೆಂದೇ ಮೂವತ್ತು ಕಿಲೋಮೀಟರ್ ಹೋಗಿಬರುವವನಿಗೆ ಉಳಿಯುವುದೇನು? ಮೂರು ವರ್ಷಕ್ಕೊಮ್ಮೆ ಸಿಲಿಂಡರಿನ ಪರೀಕ್ಷೆಯನ್ನೂ ತಪ್ಪಿಸುವಂತಿಲ್ಲ.

ಪೆಟ್ರೋಲಿನಲ್ಲಿ ಈಗ ಶೇ. 20 ಎಥೆನಾಲ್ ಇದೆ. ಕಬ್ಬು ಬೆಳೆಯುವ ಈ ನಾಡಿಗೆ ಅದು ಪರಕೀಯ ವಸ್ತುವೇನಲ್ಲ. ಆದರೆ ಎಥೆನಾಲಿನ ಒಂದು ಲೀಟರಿನಲ್ಲಿರುವ ಕಸುವು ಪೆಟ್ರೋಲಿನ ಸುಮಾರು ಮೂರರಲ್ಲಿ ಎರಡು ಪಾಲು. ಇದಕ್ಕೆಂದು ಸಿದ್ಧಮಾಡದ ನಾಲ್ಕು ಗಾಲಿಯ ಹಳೆಯ ಗಾಡಿಗಳಲ್ಲಿ ಅವರೇಜ್ ಶೇ. 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಹಳೆಯ ಗಾಡಿ ಕೊಳ್ಳುವವರು ಇದನ್ನು ಮನಸ್ಸಿನಲ್ಲಿಡಬೇಕು. ಡೀಸೆಲ್ ಆಯ್ದುಕೊಳ್ಳುವವರಿಗೂ ಒಂದು ಮಾತಿದೆ: 2020ರ ಏಪ್ರಿಲ್‌ನ ಬಿಎಸ್-6 ನಿಯಮದ ನಂತರದ ಅನೇಕ ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಪೇಟೆಯೊಳಗೇ ಎರಡೆರಡು ಕಿಲೋಮೀಟರ್ ಓಡಿ ನಿಲ್ಲುವ ಗಾಡಿಯಲ್ಲಿ ಅದು ಬೇಗ ಕಟ್ಟಿಕೊಳ್ಳುತ್ತದೆ. ಡೀಸೆಲ್ ಎಂಜಿನ್ ದೂರದ ಓಟಕ್ಕೇ ಹೊಂದುವಂಥದ್ದು.

ಗಡಿಯ ಕಥೆಯೇ ಬೇರೆ. ನಿಲಂಗಾ, ಉದಗೀರ್ ತಾಲ್ಲೂಕುಗಳು 1956ರವರೆಗೆ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲೇ ಇದ್ದವು. ಕಾಗದದ ಮೇಲೆ ಗೆರೆ ಬಿದ್ದರೂ ವ್ಯವಹಾರ ಕಡಿಯಲಿಲ್ಲ. ಉದಗೀರಿನ ಮಿಸ್ತ್ರಿಗೆ ಕಮಲನಗರ, ಭಾಲ್ಕಿಯಲ್ಲಿ ಗಿರಾಕಿಗಳು, ಉಮರ್ಗಾದವನಿಗೆ ಬಸವಕಲ್ಯಾಣದ ಕಡೆ. ಎಂಎಚ್-24, ಎಂಎಚ್-25 ನಂಬರಿನ ಗಾಡಿಗಳು ದಿನಾ ಗಡಿ ದಾಟುತ್ತವೆ. ಇಂಥವರಿಗೆ ಮೋಟಾರು ವಾಹನ ಕಾಯ್ದೆಯ 66ನೇ ಕಲಮು ದೊಡ್ಡ ಅನುಕೂಲ: ಸರಕು ಸೇರಿ ಒಟ್ಟು ತೂಕ 3,000 ಕೆಜಿ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ. ಏಸ್, ಸೂಪರ್ ಕ್ಯಾರಿಗಳು ಇದರೊಳಗೇ ಬರುತ್ತವೆ, ದೊಡ್ಡ ಪಿಕಪ್‌ಗಳಲ್ಲಿ ಎಲ್ಲವೂ ಬರುವುದಿಲ್ಲ. ಲೈಸೆನ್ಸಿನ ಚಿಂತೆಯನ್ನೂ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಕಳೆಯಿತು. ಎಲ್‌ಎಂವಿ ಲೈಸೆನ್ಸ್ ಇದ್ದವರು 7,500 ಕೆಜಿಯೊಳಗಿನ ಸರಕು ಗಾಡಿಯನ್ನೂ ಓಡಿಸಬಹುದು.

ಬೆಲೆ ಕಡಿಮೆಯೆಂದು ಗಡಿ ದಾಟಿ ಕರ್ನಾಟಕದಲ್ಲಿ ಇಂಧನ ತುಂಬಿಸುವ ರೂಢಿ ಹಳೆಯದು. ಕರ್ನಾಟಕ 2024ರ ಜೂನ್‌ನಲ್ಲಿ ಪೆಟ್ರೋಲ್, ಡೀಸೆಲ್ ಎರಡರ ಮೇಲೂ, 2025ರ ಏಪ್ರಿಲ್‌ನಲ್ಲಿ ಮತ್ತೆ ಡೀಸೆಲ್ ಮೇಲೆ ತೆರಿಗೆ ಏರಿಸಿದ ಮೇಲೆ ಆ ಲಾಭ ಮೊದಲಿನಷ್ಟು ಉಳಿದಿಲ್ಲ. ಹೇಗೂ ಆ ಕಡೆ ಕೆಲಸವಿದ್ದ ದಿನ ತುಂಬಿಸಿಕೊಂಡು ಬಂದರೆ ಸರಿ, ಅದಕ್ಕೆಂದೇ ಹೋಗುವುದು ಬೇಡ.

ಕೊಳ್ಳುವಾಗಿನ ಇನ್ನೊಂದು ಉಳಿತಾಯ ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸರಕು ಗಾಡಿಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಅಂಗಡಿಗೆ ಸಾಮಾನ್ಯ ಜಿಎಸ್‌ಟಿ ನೋಂದಣಿ ಇದ್ದರೆ ಸರಕು ಗಾಡಿಗೆ ಕಟ್ಟಿದ ಆ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಹಿಂದೆ ಪಡೆಯಬಹುದು. ಅದೇ ಅಂಗಡಿಯವನು ಐದು ಸೀಟಿನ ವ್ಯಾನು ಕೊಂಡು ಅದರಲ್ಲೇ ಸಾಮಾನು ಒಯ್ದರೆ ಆ ಅನುಕೂಲವಿಲ್ಲ.

ಕೊಂಡ ಮೇಲೆ ಅವರೇಜ್ ಅಳೆಯುವ ವಿಧಾನ ಹಳೆಯದೇ, ಆದರೆ ಸರಿಯಾಗಿ ಮಾಡುವವರು ಕಡಿಮೆ. ಟ್ಯಾಂಕ್ ಪೂರ್ತಿ ತುಂಬಿಸಿ ಮೀಟರ್ ಬರೆದಿಡಬೇಕು. ಮುಂದಿನ ಸಲ ಅದೇ ಪಂಪಿನಲ್ಲಿ, ಪಿಸ್ತೂಲು ತಾನೇ ನಿಂತಲ್ಲಿಗೆ ನಿಲ್ಲಿಸಿ ಮತ್ತೆ ಪೂರ್ತಿ ತುಂಬಿಸಬೇಕು. ಎರಡು ಹನಿ ಹೆಚ್ಚು ತುರುಕಬಾರದು. ಓಡಿದ ಕಿಲೋಮೀಟರನ್ನು ಈ ಸಲ ಹಿಡಿದ ಲೀಟರಿನಿಂದ ಭಾಗಿಸಿದರೆ ಉತ್ತರ. ಹೀಗೆ ಆರೇಳು ಸಲ ಮಾಡಿದ ಮೇಲೆ ಬರುವ ಸರಾಸರಿಯನ್ನು ನಂಬಬಹುದು. ಸೋಲಾಪುರ–ಹೈದರಾಬಾದ್ ಹೆದ್ದಾರಿಯಲ್ಲಿ 60ರ ಬದಲು 80ರಲ್ಲಿ ಓಡಿಸಿದ ವಾರ ಆ ಅಂಕಿ ಇಳಿದೇ ಇಳಿಯುತ್ತದೆ, ಏಕೆಂದರೆ ಗಾಳಿಯ ತಡೆ ಆ ವೇಗದಲ್ಲಿ ಸುಮಾರು ಒಂದೂಮುಕ್ಕಾಲು ಪಟ್ಟಾಗಿರುತ್ತದೆ. ಮಳೆಗಾಲದಲ್ಲಿ ಕರಿ ಎರೆಮಣ್ಣು ಗಾಲಿಗೆ ಮೆತ್ತಿಕೊಂಡು ಮೊದಲ ಗೇರಿನಲ್ಲೇ ಹೊಲದ ದಾರಿ ಏರಿದ ವಾರವೂ ಇಳಿಯುತ್ತದೆ. ಟೈರಿನ ಗಾಳಿ ನೋಡದೆ ತಿಂಗಳು ಕಳೆದರೂ ಅಷ್ಟೇ.

ಈ ಸೀಮೆಯ ಎಷ್ಟೋ ಗಾಡಿಗಳಲ್ಲಿ ಸ್ಟೇರಿಂಗ್ ಪಕ್ಕದ ಗೂಡಿನಲ್ಲಿ ಒಂದು ಸಣ್ಣ ಡೈರಿ ಇರುತ್ತದೆ. ಯಾವ ಹಳ್ಳಿಯ ಯಾರ ಬೋರು, ಎಷ್ಟು ಅಡಿ, ಎಷ್ಟು ಪೈಪು, ಬಾಕಿ ಎಷ್ಟು ಎಂಬುದೆಲ್ಲ ಕನ್ನಡ, ಮರಾಠಿ ಬೆರೆತ ಕೈಬರಹದಲ್ಲಿ. ಮೀಟರ್ ಮತ್ತು ಲೀಟರ್ ಬರೆಯಲು ಅದರ ಹಿಂದಿನ ಪುಟಗಳು ಸಾಕು.