ಒಬ್ಬನೇ ಒಬ್ಬನ ಅರ್ಜಿ

ಹತ್ತೊಂಬತ್ತನೆಯ ಶತಮಾನದ ಧಾರವಾಡ ಅಂದರೆ ನಮ್ಮ ಎಂ.ಎ. ತರಗತಿಗಳಲ್ಲಿ ಡೆಪ್ಯುಟಿ ಚನ್ನಬಸಪ್ಪನವರು, ಆಮೇಲೆ 1890ರ ವಿದ್ಯಾವರ್ಧಕ ಸಂಘ. ಶಾಲೆಗಳನ್ನು ಮರಾಠಿಯ ಹಿಡಿತದಿಂದ ಕನ್ನಡಕ್ಕೆ ಬಿಡಿಸಿಕೊಂಡ ಕಥೆ. ದೊಡ್ಡ ಕಥೆಯೇ, ಅಲ್ಲ ಅನ್ನುವುದಿಲ್ಲ. ಆದರೆ ಆ ಶಾಲೆಗಳ ಹೊರಗೆ ಯಾರು ನಿಂತಿದ್ದರು ಅಂತ ನಾವು ಕೇಳುವುದಿಲ್ಲ.

1856ರಲ್ಲಿ ಒಬ್ಬ ಮಹಾರ ಹುಡುಗ ಮುಂಬಯಿ ಸರ್ಕಾರಕ್ಕೆ ಅರ್ಜಿ ಹಾಕಿದ: ಫೀ ಕೊಡಲು ತಯಾರಿದ್ದೇನೆ, ಆದರೂ ಧಾರವಾಡದ ಸರ್ಕಾರಿ ಶಾಲೆಯಲ್ಲಿ ಸೇರಿಸಿಕೊಳ್ಳುತ್ತಿಲ್ಲ. ಜುಲೈ 21ರ ಠರಾವಿನಲ್ಲಿ ಉತ್ತರ ಬಂತು. ಅದನ್ನು ಒಂದು ಪಠ್ಯದಂತೆ ಓದಬೇಕು. ನ್ಯಾಯ ಹುಡುಗನ ಕಡೆಗೇ ಇದೆ ಅಂತ ಅದು ಮೊದಲೇ ಒಪ್ಪಿಬಿಡುತ್ತದೆ. ಆದರೆ ಒಬ್ಬಿಬ್ಬರ ಸಲುವಾಗಿ ಶತಮಾನಗಳ ಪೂರ್ವಗ್ರಹಕ್ಕೆ ಕೈಹಾಕಿದರೆ ಶಿಕ್ಷಣಕ್ಕೇ ಧಕ್ಕೆ, ಮೇಲಾಗಿ ಈ ತೊಡಕು ತಾನು ಹುಟ್ಟಿಸಿದ್ದಲ್ಲ ಅನ್ನುತ್ತದೆ. ನ್ಯಾಯ ಒಪ್ಪಿಕೊಂಡೇ ಬಾಗಿಲು ಹಾಕುವ ಈ ಭಾಷೆ ನಮಗೆ ಹೊಸದೇನಲ್ಲ ಬಿಡಿ.

ಸರ್ಕಾರಿ ಶಾಲೆ ಎಲ್ಲ ಜಾತಿಯವರಿಗೂ ಎಂದು ಕಂಪನಿಯ ನಿರ್ದೇಶಕರು 1858ರಲ್ಲಿ ಹೇಳಿದರು. ಅದನ್ನೇ 1882ರ ಹಂಟರ್ ಆಯೋಗ ಮತ್ತೆ ಹೇಳಬೇಕಾಯಿತು, ಜೊತೆಗೆ ಪ್ರತ್ಯೇಕ ಶಾಲೆಗಳ ದಾರಿಯನ್ನೂ ತೋರಿಸಿತು. 1928ರಲ್ಲಿ ಸೈಮನ್ ಆಯೋಗದ ಮುಂದೆ ಅಂಬೇಡ್ಕರರು ಈ ಧಾರವಾಡದ ಠರಾವನ್ನೇ ಎತ್ತಿ ತೋರಿಸಿದರು. ಅವರಿಗೆ ಕಂಡದ್ದು ಧಾರವಾಡದಲ್ಲೇ ಕೂತ ನಮಗೆ ಕಾಣಲಿಲ್ಲ.

ಠರಾವಿನ ಆ 'ಒಬ್ಬಿಬ್ಬರು' ಎಂಬ ತರ್ಕ ನಮ್ಮ ವಿಮರ್ಶೆಯೊಳಗೂ ಇದೆ. ಸೆಮಿನಾರೊಂದರಲ್ಲಿ ಈ ವಿಷಯ ಎತ್ತಿದಾಗ ಹಿರಿಯರೊಬ್ಬರು ನಕ್ಕರು: "ಒಂದು ಅರ್ಜಿಯಿಂದ ಪರಂಪರೆ ಆಗತೈತೇನು ತಮ್ಮಾ?" ಕವಿತೆ ಒಂದೇ ಸಿಕ್ಕರೂ ಕವಿ ಆಗುತ್ತಾನೆ, ಶಾಸನ ಒಂದೇ ಸಿಕ್ಕರೂ ಯುಗ ಆಗುತ್ತದೆ. ಅರ್ಜಿಗೆ ಮಾತ್ರ ಜೊತೆಗಾರರ ಲೆಕ್ಕ ಕೊಡಬೇಕು!

ಸುಧಾರಣೆಯ ಚರಿತ್ರೆಯನ್ನು ನಾವು ಕರಗಿದ ಹೃದಯಗಳಿಂದ ಶುರುಮಾಡುತ್ತೇವೆ. ಮಂಗಳೂರಿನಲ್ಲಿ 1897ರಲ್ಲಿ ಕುದ್ಮುಲ್ ರಂಗರಾಯರು ಕಟ್ಟಿದ ಸಂಸ್ಥೆಯನ್ನು ನೆನೆಯಲೇಬೇಕು, ಅವರು ಪಟ್ಟ ಬಹಿಷ್ಕಾರವನ್ನೂ. ಆದರೆ ಅಲ್ಲಿಂದಲೇ ಕಥೆ ತೆಗೆದರೆ ದಲಿತ ಬರೇ ಕೈಚಾಚಿದವನಾಗುತ್ತಾನೆ. ಅದಕ್ಕೂ 41 ವರ್ಷ ಮೊದಲಿನ ಈ ಹುಡುಗ ಕರುಣೆಯ ಲೆಕ್ಕದಲ್ಲಿ ಬರುವುದಿಲ್ಲ. ಎಲ್ಲರಂತೆ ಫೀ ಕೊಡುತ್ತೇನೆ, ಎಲ್ಲರಂತೆ ಕೂರಿಸಿ ಅನ್ನುತ್ತಾನೆ. ಜೋತಿಬಾ ಫುಲೆ ಸತ್ಯಶೋಧಕ ಸಮಾಜ ಕಟ್ಟಿದ್ದು 1873ರಲ್ಲಿ ಅನ್ನುವುದನ್ನೂ ಪಕ್ಕದಲ್ಲಿಟ್ಟು ನೋಡಿ.

ಈ ಸಲ ಟೆಸ್ಟಿಗೆ ಆ ಠರಾವನ್ನೇ ಕನ್ನಡಕ್ಕೆ ಮಾಡಿ ವಿಮರ್ಶಿಸಲು ಕೊಟ್ಟೆ. "ಸಿಲೆಬಸ್ಸಿನ್ಯಾಗ ಇಲ್ಲಲ್ರೀ ಸರ್" ಅಂದರು ಹುಡುಗರು.