ಕಲ್ಪಿತ ಭಾಷೆಗಳ ಬಹುವಚನವೂ ಕನ್ನಡದ ದ್ವಿರುಕ್ತಿಯೂ

ಹೊಸ ಭಾಷೆಯನ್ನು ಕಲ್ಪಿಸಿ ಕಟ್ಟುವವರಿಗೆ ಬಹುವಚನಕ್ಕೆ ಸುಲಭವೆಂದು ತೋರುವ ದಾರಿ ಧ್ವನಿಯ ಆವರ್ತನೆ. ಇಂಡೋನೇಷ್ಯಾದ ಭಾಷೆಯಲ್ಲಿ 'ರುಮಾ' ಎಂದರೆ ಮನೆ, 'ರುಮಾ-ರುಮಾ' ಎಂದರೆ ಮನೆಗಳು. ಮಾದರಿ ಕಣ್ಣೆದುರಿಗೇ ಇದೆ. 1887ರ ಎಸ್ಪೆರಾಂಟೊದಲ್ಲಿ ಜಾಮೆನ್‌ಹಾಫ್ ಅವರು ಈ ದಾರಿ ಹಿಡಿಯದೆ ಪ್ರತ್ಯಯವನ್ನೇ ಆರಿಸಿಕೊಂಡರು. ಆವರ್ತನೆಯೆಂದರೆ ಬಹುತ್ವವೇ ಎಂಬ ಗ್ರಹಿಕೆಗೆ ಕನ್ನಡ ಒಳ್ಳೆಯ ಒರೆಗಲ್ಲು.

'ಸಾಸಲು ಹೋಬಳಿಯ ಊರುಗಳಿಗೆ ಸುದ್ದಿ ಮುಟ್ಟಿತು' ಎಂದಾಗ ಒಂದೆರಡು ಊರು ಉಳಿದಿರಬಹುದು. 'ಊರೂರಿಗೂ ಮುಟ್ಟಿತು' ಎಂದರೆ ಯಾವುದೂ ಉಳಿದಿಲ್ಲ. ಪಾಣಿನಿಯು ವೀಪ್ಸೆಯೆಂದು ಹೆಸರಿಸಿದ ಅರ್ಥವಿದು; ಇದನ್ನು ಬರಿಯ ಬಹುವಚನವೆಂದು ಎಣಿಸುವ ಭಾಷಾನಿರ್ಮಾಪಕನು ಒಂದು ಅರ್ಥಭೇದವನ್ನೇ ಕಳೆದುಕೊಳ್ಳುತ್ತಾನೆ. ಇಬ್ಬಿಬ್ಬರು, ಮುಮ್ಮೂರು, ನಾನ್ನಾಲ್ಕು ಎಂಬಲ್ಲಿ ಪದದ ಆದಿಭಾಗ ಮಾತ್ರ ಮರುಕಳಿಸಿದೆ. ಇಬ್ಬಿಬ್ಬರು ಬಂದರೆಂದರೆ ಬಂದವರು ನಾಲ್ವರೆಂದಲ್ಲ. ಪ್ರತಿ ಸಲವೂ ಇಬ್ಬರಂತೆ ಬಂದರೆಂದು. 'ತುತ್ತತುದಿ'ಯಲ್ಲಿಯೂ ಆದಿಧ್ವನಿ ಮರುಕಳಿಸುತ್ತದೆ, ಆದರೆ ತುದಿ ಒಂದೇ! 'ದೊಡ್ಡ ದೊಡ್ಡ ಕಲ್ಲು' ಎಂಬಲ್ಲಿ ಬಹುತ್ವ ನಿಜಕ್ಕೂ ಇದೆ. ಇಮ್ಮಡಿಸಿದ್ದು ಮಾತ್ರ ನಾಮಪದವಲ್ಲ, ವಿಶೇಷಣ.

ನಮ್ಮಲ್ಲಿಯೇ ಮಕ್ಕಳು ಗುಟ್ಟಿಗಾಗಿ ಕಟ್ಟಿಕೊಂಡ 'ಕ'ಭಾಷೆಯೊಂದಿದೆ. ಪ್ರತಿ ಅಕ್ಷರದ ಮುಂದೆ 'ಕ' ಸೇರಿಸುವುದು ಅದರ ನಿಯಮ. ಧ್ವನಿಯ ಆವರ್ತನೆ ಇಷ್ಟು ದಟ್ಟವಾಗಿರುವ ಮಾತು ಬೇರೆ ಸಿಗುವುದು ಕಷ್ಟ. ಆದರೂ ಅಲ್ಲಿ 'ಮನೆಗಳು' ಎಂಬುದು 'ಕಮಕನೆಕಗಕಳು' ಆಗುತ್ತದೆ; ಬಹುವಚನದ ಹೊರೆಯನ್ನು ಹೊತ್ತಿರುವುದು 'ಗಳು' ಪ್ರತ್ಯಯವೇ. 'ಮನೆಮನೆ'ಯಾದರೋ 'ಕಮಕನೆಕಮಕನೆ'ಯಾಗಿ, ತನ್ನ ಅರ್ಥವನ್ನು ಬಿಟ್ಟುಕೊಡದೆ, ಬೇರೆಯಾಗಿಯೇ ನಿಲ್ಲುತ್ತದೆ.